ಕಡಿಮೆ ಬಜೆಟ್ಟಿನ ಶೂಟಿಂಗ್‌ನಲ್ಲಿ ಮಾತನ್ನು ಸ್ವಚ್ಛವಾಗಿ ಹಿಡಿಯಲು ನಾನು ಮಾಡುವುದು

ಸೌಂಡ್‌ಗೆಂದು ಸಿಗುವ ಅಷ್ಟಿಷ್ಟು ಹಣದಲ್ಲಿ ಮೊದಲ ಪಾಲನ್ನು ನಾನು ಬೂಮ್ (ತುದಿಗೆ ಮೈಕ್ ಸಿಕ್ಕಿಸಿದ ಉದ್ದ ಕೋಲು) ಹಿಡಿಯುವವರಿಗೆ ತೆಗೆದಿಡುತ್ತೇನೆ. ಯಾವ ಮೈಕ್ ಎಂಬುದು ಆಮೇಲಿನ ಮಾತು. ದುಬಾರಿ ಮೈಕನ್ನು ಕ್ಯಾಮೆರಾ ತಲೆಯ ಮೇಲೆ ಕೂರಿಸಿದರೆ ಅದು ನಟರಿಂದ ಎಂಟು ಅಡಿ ದೂರ ಉಳಿಯುತ್ತದೆ. ಸಾಧಾರಣ ಮೈಕನ್ನೇ ಕೋಲಿಗೆ ಸಿಕ್ಕಿಸಿ ಎರಡು ಅಡಿ ಹತ್ತಿರಕ್ಕೆ ಒಯ್ದರೆ ಅದೇ ಗೆಲ್ಲುತ್ತದೆ. ದೂರ ಎರಡು ಪಟ್ಟಾದಾಗಲೆಲ್ಲ ಬಾಯಿಂದ ನೇರವಾಗಿ ಬರುವ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ, ಕೋಣೆಯ ಗುಂಯ್‌ಗುಡುವಿಕೆ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಎಡಿಟಿಂಗ್‌ನಲ್ಲಿ ಮಾತನ್ನು ಏರಿಸಿದರೆ ಆ ಗುಂಯ್ ಕೂಡ ಜೊತೆಗೇ ಏರುತ್ತದೆ.

ಬೂಮ್ ಮೇಲಿನಿಂದ, ಮುಖಕ್ಕಿಂತ ತುಸು ಮುಂದೆ, ಮೂತಿ ಬಾಯಿಯ ಕಡೆಗೆ ಓರೆಯಾಗಿ ಇರಬೇಕು. ಕ್ಲೋಸಪ್‌ನಲ್ಲಿ ಬಾಯಿಗೂ ಮೈಕಿಗೂ ಒಂದೂವರೆಯಿಂದ ಎರಡು ಅಡಿ. ಶಾಟ್‌ಗೆ ಮೊದಲು ಮೈಕನ್ನು ಬೇಕೆಂದೇ ಫ್ರೇಮಿನೊಳಕ್ಕೆ ಇಳಿಸಿಸುತ್ತೇನೆ, ಕ್ಯಾಮೆರಾದವರು ‘ಕಾಣ್ತಿದೆ’ ಎಂದ ಕೂಡಲೇ ನಾಲ್ಕು ಬೆರಳು ಮೇಲೆತ್ತಿಸಿ ಅಲ್ಲಿಗೆ ನಿಲ್ಲಿಸುತ್ತೇನೆ. ಎದುರಿನ ಗೋಡೆಯಲ್ಲಿ ಆ ಎತ್ತರಕ್ಕೊಂದು ಗುರುತು ನೋಡಿಟ್ಟುಕೊಂಡರೆ ಟೇಕ್ ನಡುವೆ ಕೈ ಸೋತು ಇಳಿದದ್ದು ಗೊತ್ತಾಗುತ್ತದೆ. ಬಿಡುವಾಗಿದ್ದ ಯಾರನ್ನೋ ಕರೆದು ಕೋಲು ಕೊಡುವುದು ನನಗೆ ಒಪ್ಪಿಗೆಯಿಲ್ಲ. ಸಂಭಾಷಣೆ ನಟರಷ್ಟೇ ಬೂಮ್ ಹಿಡಿಯುವವರಿಗೂ ಬಾಯಿಪಾಠವಾಗಿರಬೇಕು, ಇಲ್ಲದಿದ್ದರೆ ಮಾತು ಶುರುವಾದ ಮೇಲೆ ಮೈಕ್ ತಿರುಗುತ್ತದೆ, ಮೊದಲ ಪದ ಮಂಕಾಗುತ್ತದೆ.

ಎರಡು ಕ್ಯಾಮೆರಾ ಇಟ್ಟು ವೈಡ್, ಕ್ಲೋಸಪ್ ಎರಡನ್ನೂ ಒಟ್ಟಿಗೆ ತೆಗೆಯುವ ಉಳಿತಾಯಕ್ಕೆ ಬೆಲೆ ತೆರುವುದು ಸೌಂಡೇ. ಬೂಮ್ ವೈಡ್ ಫ್ರೇಮಿನ ಹೊರಗೆ ನಿಲ್ಲಬೇಕು, ಹಾಗಾಗಿ ಕ್ಲೋಸಪ್‌ಗೂ ದೂರದ ದನಿಯೇ ಗತಿ. ಮುಖ್ಯ ಮಾತಿರುವ ಸೀನ್‌ಗಳಲ್ಲಾದರೂ ಬೇರೆಬೇರೆ ತೆಗೆಯಿರಿ ಎಂದು ನಿರ್ದೇಶಕರನ್ನು ಮುಂಚೆಯೇ ಕೇಳಿಕೊಳ್ಳುತ್ತೇನೆ.

ಚಿಕ್ಕ ಕೋಣೆಯಲ್ಲಿ ಉದ್ದದ ಶಾಟ್‌ಗನ್ (ಎದುರಿನ ದನಿಯನ್ನೇ ಹೆಚ್ಚಾಗಿ ಹಿಡಿಯುವ, ಕೊಳವೆಯಂಥ ಮೈಕ್) ಬಳಸುವುದಿಲ್ಲ. ಗೋಡೆಗೆ ಬಡಿದು ಬಂದ ದನಿ ಅದರ ಪಕ್ಕದ ಸೀಳುಗಳಲ್ಲಿ ನುಗ್ಗಿ ಮಾತಿಗೆ ಡಬ್ಬದೊಳಗಿನ ಬಣ್ಣ ಕೊಡುತ್ತದೆ. ಗಿಡ್ಡನೆಯ ಹೈಪರ್‌ಕಾರ್ಡಿಯಾಯ್ಡ್ ಮೈಕ್ (ಉದ್ದ ಕೊಳವೆಯಿಲ್ಲದೆ ಎದುರಿನ ದನಿಯನ್ನು ಹೆಚ್ಚಾಗಿ ಹಿಡಿಯುವಂಥದ್ದು) ಒಳಾಂಗಣಕ್ಕೆ ಒಳ್ಳೆಯದು, ಶಾಟ್‌ಗನ್ ಹೊರಾಂಗಣಕ್ಕಿರಲಿ. ಹೊರಗಿನ ಗಾಳಿಗೆ ಬರೀ ಸ್ಪಂಜಿನ ಕವರ್ ಸಾಲದು, ತುಪ್ಪಳದ ಕವರ್ ಬೇಕೇ ಬೇಕು.

ಕೋಣೆಗೆ ಹೋದ ಕೂಡಲೇ ಎಲ್ಲರನ್ನೂ ಸುಮ್ಮನಿರಿಸಿ, ಹೆಡ್‌ಫೋನ್ ಹಾಕಿಕೊಂಡು ಒಂದು ನಿಮಿಷ ಕೇಳುತ್ತೇನೆ. ಫ್ಯಾನ್, ಏಸಿ, ಫ್ರಿಜ್ ಆಫ್. ಆಫ್ ಮಾಡಿದ ಫ್ರಿಜ್‌ನೊಳಗೆ ನನ್ನ ಗಾಡಿ ಕೀ ಇಡುತ್ತೇನೆ, ಅದನ್ನು ಮತ್ತೆ ಆನ್ ಮಾಡದೆ ಮನೆಗೆ ಹೊರಡಲಾಗದು. ದಪ್ಪ ಕಂಬಳಿಗಳನ್ನು ನಟರು ಮುಖ ಮಾಡಿರುವ ಕಡೆ, ಕ್ಯಾಮೆರಾದ ಹಿಂದೆ, ಗೋಡೆಯಿಂದ ಒಂದು ಗೇಣು ಬಿಟ್ಟು ತೂಗುಹಾಕುತ್ತೇನೆ, ಫ್ರೇಮಿಗೆ ಬೀಳದ ನೆಲಕ್ಕೂ ಒಂದು. ಕಂಬಳಿ ಕೋಣೆಯ ಪ್ರತಿಧ್ವನಿಯನ್ನು ಹೀರುತ್ತದೆ, ರಸ್ತೆಯ ಸದ್ದನ್ನು ತಡೆಯುವುದಿಲ್ಲ. ಅದಕ್ಕೆ ಕಿಟಕಿ ಮುಚ್ಚಿ, ಮೈಕಿನ ಮೂತಿ ಕಿಟಕಿಯತ್ತ ತಿರುಗದಂತೆ ನಟರನ್ನು ನಿಲ್ಲಿಸಬೇಕು.

ರೆಕಾರ್ಡರ್ 48 ಕಿಲೋಹರ್ಟ್ಸ್, 24 ಬಿಟ್‌ಗೆ ಇರಲಿ. ಅದರ ಮೀಟರಿನಲ್ಲಿ ಸಾಧಾರಣ ಮಾತು ಮೈನಸ್ 20 ಡೆಸಿಬಲ್ ಆಸುಪಾಸು, ದನಿ ಏರಿದಾಗ ಮೈನಸ್ 10ರ ಒಳಗೆ. ರಿಹರ್ಸಲ್‌ನಲ್ಲಿ ಮೆತ್ತಗೆ ಆಡಿದವರು ಟೇಕ್‌ನಲ್ಲಿ ಕೂಗಿಬಿಡುತ್ತಾರೆ, ಆದ್ದರಿಂದ ಅದೇ ಮೈಕನ್ನು ಎರಡನೇ ಟ್ರ್ಯಾಕಿಗೂ 12 ಡೆಸಿಬಲ್ ತಗ್ಗಿಸಿ ಹರಿಸುತ್ತೇನೆ. ಆಟೋ ಗೇನ್ (ದನಿಯ ಮಟ್ಟವನ್ನು ರೆಕಾರ್ಡರ್ ತಾನೇ ಏರಿಳಿಸುವುದು) ಬೇಡ: ಮಾತಿನ ನಡುವಿನ ಮೌನದಲ್ಲಿ ಅದು ಗೇನ್ ಏರಿಸಿ ಹಿನ್ನೆಲೆಯ ಸದ್ದನ್ನು ಎಳೆದು ತರುತ್ತದೆ, ಮಾತು ಬಂದೊಡನೆ ತಗ್ಗಿಸುತ್ತದೆ. ಆ ಏರಿಳಿತವನ್ನು ಆಮೇಲೆ ಸರಿಪಡಿಸುವುದು ಬಲು ಕಷ್ಟ.

ಬೂಮ್ ತಲುಪದ ವೈಡ್ ಶಾಟ್‌ಗೆ ಕಾಲರ್ ಮೈಕ್. ಬಟ್ಟೆಯೊಳಗೆ, ಎದೆಯ ನಡು ಮೂಳೆಯ ಮೇಲೆ, ಗದ್ದದಿಂದ ಒಂದು ಗೇಣು ಕೆಳಗೆ. ಟೇಪನ್ನು ಅಂಟು ಹೊರಗೆ ಬರುವಂತೆ ತ್ರಿಕೋನವಾಗಿ ಮಡಚಿ ಎರಡು ಮಾಡಿ, ನಡುವೆ ಮೈಕ್ ಇಟ್ಟು, ಒಂದು ಬದಿ ಮೈಗೂ ಇನ್ನೊಂದು ಬದಿ ಬಟ್ಟೆಗೂ ಅಂಟಿಸಿದರೆ ಉಜ್ಜುವ ಸದ್ದು ಬಹುಪಾಲು ನಿಲ್ಲುತ್ತದೆ. ಅದರ ಕೆಳಗೆ ವೈರನ್ನು ಸಣ್ಣ ಕುಣಿಕೆ ಮಾಡಿ ಟೇಪ್ ಹಾಕಿ, ಎಳೆತ ಮೈಕಿಗೆ ತಾಗದು. ಪಾಲಿಯೆಸ್ಟರ್ ಚರಚರ ಎನ್ನುತ್ತದೆ, ಹತ್ತಿ ವಾಸಿ. ಬಟ್ಟೆ ಆರಿಸುವ ದಿನವೇ ಕಾಸ್ಟ್ಯೂಮ್‌ನವರಿಗೆ ಇದನ್ನು ಹೇಳಬೇಕು. ಬೂಮ್, ಕಾಲರ್ ಎರಡೂ ಇದ್ದರೆ ಬೇರೆಬೇರೆ ಟ್ರ್ಯಾಕಿನಲ್ಲೇ ಉಳಿಸಿ. ಒಂದೇ ದನಿ ಎರಡು ದೂರದಿಂದ ಬಂದು ಬೆರೆತರೆ ಟೊಳ್ಳಾಗಿ ಕೇಳುತ್ತದೆ, ಬೆರೆತದ್ದನ್ನು ಮತ್ತೆ ಬಿಡಿಸಲಾಗದು.

ಸೀನ್ ಮುಗಿದ ಮೇಲೆ ಯಾರೂ ಕದಲುವ ಮುಂಚೆ, ಲೈಟ್‌ಗಳು ಉರಿಯುತ್ತಿರುವಾಗಲೇ, 60 ಸೆಕೆಂಡ್ ರೂಮ್ ಟೋನ್, ಅಂದರೆ ಯಾರೂ ಮಾತಾಡದಿರುವಾಗಿನ ಕೋಣೆಯ ಸದ್ದು, ರೆಕಾರ್ಡ್ ಮಾಡುತ್ತೇನೆ. ಹಾರ್ನ್ ಬಿದ್ದು ಕೆಟ್ಟ ಸಾಲುಗಳನ್ನು ಅದೇ ಜಾಗದಲ್ಲಿ, ಮೈಕ್ ಅಷ್ಟೇ ದೂರದಲ್ಲಿಟ್ಟು, ಕ್ಯಾಮೆರಾ ಇಲ್ಲದೆ ಮೂರು ಸಲ ಹೇಳಿಸುತ್ತೇನೆ. ನಟರ ಉಸಿರು, ಲಯ ಇನ್ನೂ ಸೀನ್‌ನಲ್ಲೇ ಇರುವುದರಿಂದ ಇವು ತುಟಿ ಚಲನೆಗೆ ಡಬ್ಬಿಂಗ್‌ಗಿಂತ ಚೆನ್ನಾಗಿ ಕೂರುತ್ತವೆ. ಪ್ರತಿ ತುಣುಕಿನ ಮೊದಲಿಗೆ ಸೀನ್, ಶಾಟ್ ನಂಬರನ್ನು ಮೈಕಿಗೇ ಹೇಳಿಬಿಡಿ, ಎಡಿಟರ್ ಹುಡುಕಾಡಬೇಕಾಗುವುದಿಲ್ಲ.