ಕ್ಯಾನ್ಸಸ್‌ನ ಜಮೀನಿನಿಂದ ಒಹಾಯೊದ ತವರುಮನೆಗೆ

ನನ್ನ ಸೊಸೆ ಅಮೆರಿಕದ ಕ್ಯಾನ್ಸಸ್‌ನ ರೈತ ಮನೆತನದವಳು. ಮೊಮ್ಮಗಳಿಗೆ ಎರಡೂ ಕಡೆಯ ವಂಶವೃಕ್ಷ ಬರೆದಿಡಬೇಕು ಅಂತ ಆಸೆಯಿತ್ತು. ಬೀಗಿತ್ತಿ ತಮಗೆ ಗೊತ್ತಿದ್ದಷ್ಟು ಹೆಸರು ಕೊಟ್ಟರು. ಒಂದು ಕಡೆ ದಾರಿ ನಿಂತುಹೋಯಿತು. 1870ರ ದಶಕದಲ್ಲಿ ಕ್ಯಾನ್ಸಸ್‌ಗೆ ಬಂದ ಹಿರಿಯನ ಹೆಂಡತಿಯ ತವರು ಯಾವುದು ಅಂತ ಯಾರಿಗೂ ಗೊತ್ತಿರಲಿಲ್ಲ. ಸಮಾಧಿ ಕಲ್ಲಿನಲ್ಲೂ ಇಂಥವರ ಹೆಂಡತಿ ಅಂತ ಮಾತ್ರ ಇತ್ತು.

ಎಲ್ಲರೂ ಮೊದಲು ನೋಡೋದು ಅಮೆರಿಕದ ಜನಗಣತಿ. ಅದು 1790ರಿಂದ ಹತ್ತು ವರ್ಷಕ್ಕೊಮ್ಮೆ ನಡೆದಿದೆ. 1840ರವರೆಗೆ ಮನೆಯ ಯಜಮಾನರ ಹೆಸರು ಮಾತ್ರ ಬರೆಯುತ್ತಿದ್ದರು. 1850ರಿಂದ ಮನೆಯವರೆಲ್ಲರ ಹೆಸರು ಸಿಗುತ್ತದೆ. ಆದರೆ ಗುಲಾಮರಾಗಿದ್ದವರಿಗೆ ಆಗಲೂ ಸಾಮಾನ್ಯವಾಗಿ ಹೆಸರಿಲ್ಲ, ಬರೀ ವಯಸ್ಸು, ಬಣ್ಣ ಮತ್ತು ಗಂಡೋ ಹೆಣ್ಣೋ ಅನ್ನೋದು. ಅವರ ಕುಟುಂಬದವರು ಹುಡುಕುವಾಗ ಪಡುವ ಕಷ್ಟದ ಮುಂದೆ ನಮ್ಮದು ಏನೂ ಅಲ್ಲ. ಯಾರು ಯಾರಿಗೆ ಏನಾಗಬೇಕು ಅನ್ನೋ ಕಾಲಮ್ ಬಂದಿದ್ದು 1880ರಲ್ಲಿ. 1890ರ ಹಾಳೆಗಳಲ್ಲಿ ಬಹುಪಾಲು 1921ರ ಬೆಂಕಿಯಲ್ಲಿ ಹಾಳಾದವು. ನಮ್ಮ ಪುಣ್ಯ, ಕ್ಯಾನ್ಸಸ್ ರಾಜ್ಯವೇ 1885 ಮತ್ತು 1895ರಲ್ಲಿ ಬೇರೆ ಗಣತಿ ಮಾಡಿತ್ತು. ಯಾವ ರಾಜ್ಯದಿಂದ ಬಂದಿರಿ ಅಂತಲೂ ಅದರಲ್ಲಿ ಕೇಳಿದ್ದರು. ನಮ್ಮವರ ಸಾಲಿನಲ್ಲಿ ಒಹಾಯೊ ಅಂತಿತ್ತು.

ಇಷ್ಟಾದರೂ ಹೆಂಗಸಿನ ತವರು ಸಿಗಲಿಲ್ಲ. ಆಗ ನಾನು ಹೆಸರು ಬಿಟ್ಟು ಜಮೀನು ಹಿಡಿದೆ.

1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ 160 ಎಕರೆವರೆಗೆ ಸರ್ಕಾರಿ ಭೂಮಿ ಸಿಗುತ್ತಿತ್ತು. ಐದು ವರ್ಷ ಅಲ್ಲೇ ವಾಸವಿದ್ದು ಉಳುಮೆ ಮಾಡಬೇಕಿತ್ತು. ನಮ್ಮ ಸರ್ವೆ ನಂಬರಿನ ಹಾಗೆ ಅಲ್ಲಿ ಟೌನ್‌ಶಿಪ್, ರೇಂಜ್, ಸೆಕ್ಷನ್ ಅಂತ ಲೆಕ್ಕ. ಒಂದು ಸೆಕ್ಷನ್ ಅಂದರೆ 640 ಎಕರೆ, ಅದರ ಕಾಲು ಭಾಗ ಒಬ್ಬ ರೈತನಿಗೆ. ಹಕ್ಕುಪತ್ರ ಅಮೆರಿಕದ ಭೂ ನಿರ್ವಹಣಾ ಇಲಾಖೆಯ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಸುಮ್ನೆ ಅದನ್ನು ನೋಡಿ ಮುಗಿಸಬೇಡಿ. ಅದರ ಹಿಂದಿರುವ ಪೂರ್ತಿ ಕಡತವನ್ನು ಅಲ್ಲಿನ ಸರ್ಕಾರಿ ದಾಖಲೆ ಸಂಗ್ರಹವಾದ ನ್ಯಾಷನಲ್ ಆರ್ಕೈವ್ಸ್‌ನಿಂದ ತರಿಸಿ. ನಿಜವಾದ ಸರಕು ಇರೋದು ಅಲ್ಲೇ. ಮನೆ ಎಷ್ಟು ಅಡಿ, ಎಷ್ಟು ಎಕರೆ ಉತ್ತಿದ್ದಾರೆ, ಮಕ್ಕಳೆಷ್ಟು, ಎಲ್ಲಾ ಬರೆದಿತ್ತು. ಐದು ವರ್ಷ ಇದ್ದಿದ್ದು ನಿಜ ಅಂತ ಇಬ್ಬರು ಸಾಕ್ಷಿ ಹೇಳಿದ್ದರು.

ಆ ಕಾಲದ ರೈತರು ಒಂಟಿಯಾಗಿ ವಲಸೆ ಹೋಗಿದ್ದು ಕಡಿಮೆ. ಅಣ್ಣತಮ್ಮಂದಿರು, ಭಾವಮೈದುನರು, ಒಂದೇ ಚರ್ಚಿನವರು ಜೊತೆಗೆ ಹೋಗಿ ಅಕ್ಕಪಕ್ಕ ಜಮೀನು ಹಿಡಿಯುತ್ತಿದ್ದರು. ಹಾಗಾಗಿ ಸಾಕ್ಷಿಗಳ ಹಿಂದೆ ಬಿದ್ದೆ. ಅವರಲ್ಲಿ ಒಬ್ಬ ಪಕ್ಕದ ಜಮೀನಿನವನು. 1880ರ ಗಣತಿಯಲ್ಲಿ ಅಪ್ಪ, ಅಮ್ಮ ಎಲ್ಲಿ ಹುಟ್ಟಿದರು ಅಂತಲೂ ಕೇಳಿದ್ದರು. ಅವನದೂ ನಮ್ಮ ಹೆಂಗಸಿನದೂ ಒಂದೇ ಉತ್ತರ: ಇಬ್ಬರ ಅಪ್ಪ, ಅಮ್ಮನೂ ಪೆನ್ಸಿಲ್ವೇನಿಯಾದವರು. 1860ರ ಗಣತಿಯಲ್ಲಿ ಒಹಾಯೊದ ಒಂದೇ ಸೂರಿನಡಿ ಆ ಸಾಕ್ಷಿಯ ಹೆಸರಿನ ಹುಡುಗ, ನಮ್ಮ ಹೆಂಗಸಿನ ಹೆಸರಿನ ಹುಡುಗಿ. ವಯಸ್ಸೂ ಹೊಂದುತ್ತಿತ್ತು.

ಖುಷಿಯಾಯಿತು, ಆದರೆ ಇದು ಪುರಾವೆ ಅಲ್ಲ. 1860ರ ಪಟ್ಟಿಯಲ್ಲಿ ಸಂಬಂಧ ಬರೆದಿಲ್ಲವಲ್ಲ! ಅವಳು ಸಾಕುಮಗಳೋ ಕೆಲಸದ ಹುಡುಗಿಯೋ ಆಗಿರಬಹುದಿತ್ತು. ಇಂಟರ್ನೆಟ್ಟಿನಲ್ಲಿ ಜನ ಇಲ್ಲೇ ನಿಲ್ಲಿಸಿ ವಂಶವೃಕ್ಷಕ್ಕೆ ಸೇರಿಸಿಬಿಡುತ್ತಾರೆ. ಒಬ್ಬರದ್ದನ್ನು ಹತ್ತು ಜನ ನಕಲು ಮಾಡುತ್ತಾರೆ. ಸತ್ತವರಿಗೆ ಮಾಡುವ ಅನ್ಯಾಯ ಅದು.

ಆಸ್ತಿ ಹಂಚಿಕೆಯ ಕಾಗದ ಹುಡುಕಿದೆ. ಇಂಥವು ಕೌಂಟಿ (ಅಲ್ಲಿನ ಜಿಲ್ಲೆ) ಕೋರ್ಟಿನಲ್ಲಿ ಇರುತ್ತವೆ. ಬಹಳಷ್ಟನ್ನು ವಂಶಾವಳಿ ದಾಖಲೆಗಳ ವೆಬ್‌ಸೈಟಾದ ಫ್ಯಾಮಿಲಿಸರ್ಚ್‌ನಲ್ಲಿ ಪುಕ್ಕಟೆ ನೋಡಬಹುದು. ಹೆಸರಿನ ಹುಡುಕಾಟದಲ್ಲಿ ಬರದೇ ಇರುವ ಪುಸ್ತಕಗಳೂ ಜಾಸ್ತಿ. ಪುಟ ಪುಟ ತಿರುವಿಹಾಕಬೇಕು. ಒಹಾಯೊದ ಆ ಯಜಮಾನ ತೀರಿಕೊಂಡಾಗ ವಾರಸುದಾರರ ಪಟ್ಟಿ ಮಾಡಿದ್ದರು. ಅದರಲ್ಲಿ ಮಗಳ ಹೆಸರು, ಮುಂದೆ ಅಳಿಯನ ಹೆಸರು, ಊರು ಕ್ಯಾನ್ಸಸ್!

ಬೀಗಿತ್ತಿಗೆ ಫೋನ್ ಮಾಡಿ ಓದಿ ಹೇಳಿದೆ. ಇಬ್ಬರಿಗೂ ಮಾತು ಹೊರಡಲಿಲ್ಲ. ಈಗ ಅವಳ ಅಪ್ಪನ ಕಡೆ ಪೆನ್ಸಿಲ್ವೇನಿಯಾಕ್ಕೆ ಹೋಗಬೇಕು. 1850ಕ್ಕಿಂತ ಹಿಂದಿನದಾದ್ದರಿಂದ ಗಣತಿ ಅಷ್ಟು ನೆರವಾಗದು. ತೆರಿಗೆ ಪಟ್ಟಿ, ಕ್ರಯಪತ್ರಗಳಿಂದ ಶುರು ಮಾಡಿದ್ದೇನೆ.