ಡ್ಯಾಶ್‌ಬೋರ್ಡ್‌ನಲ್ಲಿ ಸೆಟ್‌ಪಾಯಿಂಟ್ ಖಾಲಿ: ರಿಟೇನ್ ಹಾಕಿದ ಮೇಲೆ ಸರಿಹೋಯ್ತು
ಪಿಎಲ್‌ಸಿ (ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರ್) ಡೇಟಾವನ್ನು ಒಪಿಸಿ ಯುಎ ಎಂಬ ಕೈಗಾರಿಕಾ ಪ್ರೋಟೋಕಾಲ್ ಮೂಲಕ ಓದಿ ಗೇಟ್‌ವೇ ಎಂಕ್ಯೂಟಿಟಿ ಬ್ರೋಕರ್‌ಗೆ (ಸಂದೇಶ ಪಡೆದು, ಸಬ್‌ಸ್ಕ್ರೈಬ್ ಆದವರಿಗೆ ತಲುಪಿಸುವ ಸರ್ವರ್) ಕಳಿಸುತ್ತಿತ್ತು. ಪ್ರೆಶರ್, ಮೋಟರ್ ಕರೆಂಟ್ ಎಲ್ಲ ಸರಿ. ಬಾಯ್ಲರ್ ಸೆಟ್‌ಪಾಯಿಂಟ್ (ನಿಗದಿ ಮಾಡಿದ ಗುರಿ ಮೌಲ್ಯ) ಮಾತ್ರ ಡ್ಯಾಶ್‌ಬೋರ್ಡ್ ರೀಸ್ಟಾರ್ಟ್ ಆದಾಗಲೆಲ್ಲ ಖಾಲಿ. ಕ್ಯೂಓಎಸ್ (ಸಂದೇಶ ತಲುಪಿಸುವ ಖಾತರಿಯ ಮಟ್ಟ) 0 ಇದ್ದದ್ದನ್ನು 1 ಮಾಡಿದರೂ ಅದೇ ಕಥೆ.

ಗೇಟ್‌ವೇ ಮೌಲ್ಯ ಬದಲಾದಾಗಷ್ಟೇ ಪಬ್ಲಿಶ್ ಮಾಡುತ್ತದೆ; ಸೆಟ್‌ಪಾಯಿಂಟ್ ವಾರಗಟ್ಟಲೆ ಬದಲಾಗುವುದೇ ಇಲ್ಲ. ತಡವಾಗಿ ಸಬ್‌ಸ್ಕ್ರೈಬ್ ಆದವರಿಗೆ ಸಿಗುವುದೇನು? ಸೆಟ್‌ಪಾಯಿಂಟ್ ಹೋಗುವ ಟಾಪಿಕ್‌ಗೆ (ಸಂದೇಶದ ವಿಳಾಸ) ರಿಟೇನ್ ಟ್ರೂ ಮಾಡಿ, ಗೇಟ್‌ವೇ ರೀಸ್ಟಾರ್ಟ್ ಮಾಡಿದೆ. ಈಗ ಬ್ರೋಕರ್ ಕೊನೆಯ ಮೌಲ್ಯ ಇಟ್ಟುಕೊಂಡು, ಸಬ್‌ಸ್ಕ್ರೈಬ್ ಆದ ತಕ್ಷಣ ಕೊಡುತ್ತದೆ.

ಹಾಗಂತ ಎಲ್ಲಕ್ಕೂ ಹಾಕಬೇಡಿ, ಮಾರಾಯ್ರೆ. ‘ಪಂಪ್ ಸ್ಟಾರ್ಟ್’ ಥರದ ಕಮಾಂಡ್ ರಿಟೇನ್ ಆದರೆ, ಕ್ಲೈಂಟ್ ಮತ್ತೆ ಸಬ್‌ಸ್ಕ್ರೈಬ್ ಆದಾಗ ಹಳೇ ಆದೇಶವೇ ಬಂದು ಬೀಳುತ್ತದೆ. ಹಾಗೆ ಉಳಿದುಕೊಂಡಿದ್ದರೆ ಅದೇ ಟಾಪಿಕ್‌ಗೆ ರಿಟೇನ್ ಸಮೇತ ಖಾಲಿ ಪೇಲೋಡ್ (ಸಂದೇಶದ ಒಳವಿಷಯ) ಕಳಿಸಿ, ಅಳಿಸಿಹೋಗುತ್ತದೆ.