ಇಬ್ಬರ ಕೈಯಲ್ಲಿ ಒಂದೇ ನಂಬ್ರದ ಚೀಟಿ

ಬದಿಯಡ್ಕದ ಹತ್ತಿರ ಒಂದು ಅಡಿಕೆ ಖರೀದಿ ಅಂಗಡಿಗೆ ನಾನು ಜಾಂಗೋದಲ್ಲಿ (ಪೈಥಾನ್ ಭಾಷೆಯಲ್ಲಿ ವೆಬ್ ಸಾಫ್ಟ್‌ವೇರ್ ಬರೆಯುವ ಚೌಕಟ್ಟು) ಚೀಟಿ ಮಾಡುವ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ಗೋಣಿ ತೂಗಿ, ಅಡಿಕೆ ಹೊಸ ಚಾಲಿಯಾ, ಹಳೆ ಚಾಲಿಯಾ, ಕರಿಗೋಟಾ ಅಂತ ದರ್ಜೆ ಆರಿಸಿ ಬಟನ್ ಒತ್ತಿದರೆ ಚೀಟಿ ಬರುತ್ತದೆ. ಅದರ ಮೇಲಿನ ನಂಬ್ರ ನೋಡಿಯೇ ಕೌಂಟರಿನಲ್ಲಿ ದುಡ್ಡು ಕೊಡುವುದು.

ತೂಕದ ಮೆಷಿನ್ ಒಂದೇ ಇದ್ದಾಗ ಏನೂ ತೊಂದರೆ ಆಗಲಿಲ್ಲ. ಜನ ಜಾಸ್ತಿಯಾಗಿ ಮೂರು ಮೆಷಿನ್ ಇಟ್ಟರು. ನಾನೂ ಸಾಫ್ಟ್‌ವೇರನ್ನು ಓಡಿಸುವ ಗುನಿಕಾರ್ನ್ ಸರ್ವರಿನಲ್ಲಿ ಒಂದಿದ್ದ ವರ್ಕರನ್ನು, ಅಂದರೆ ಬಂದ ಕೆಲಸ ಮಾಡುವ ಪ್ರೋಗ್ರಾಮಿನ ಪ್ರತಿಯನ್ನು, ನಾಲ್ಕು ಮಾಡಿದೆ. ಅದೇ ದಿನ ಮಧ್ಯಾಹ್ನ ಲೆಕ್ಕ ಬರೆಯುವ ಅಣ್ಣನ ಫೋನ್ ಬಂತು. "ಎಂತ ಮಾರಾಯ, ಪೆರ್ಲದವರಿಗೂ ಮುಳ್ಳೇರಿಯದವರಿಗೂ ಒಂದೇ ನಂಬ್ರ ಬಂದಿದೆಯಲ್ಲ!" ಒಬ್ಬರದ್ದು ಒಂದೇ ಗೋಣಿ, ಇನ್ನೊಬ್ಬರದ್ದು ನಾಲ್ಕು. ಒಬ್ಬರ ದುಡ್ಡು ಇನ್ನೊಬ್ಬರ ಕೈ ಸೇರುವುದು ಸ್ವಲ್ಪದರಲ್ಲಿ ತಪ್ಪಿತ್ತು. ವರ್ಷವಿಡೀ ದುಡಿದ ಬೆಳೆ ಅದು. ನನಗೆ ಅವತ್ತು ಊಟ ಸೇರಲಿಲ್ಲ.

ಕಾರಣ ಬೇಗ ಸಿಕ್ಕಿತು. ಕೊನೆಯ ನಂಬ್ರವನ್ನು ನಾನು ಪೈಥಾನಿನ ಒಂದು ಗ್ಲೋಬಲ್ ವೇರಿಯಬಲ್‌ನಲ್ಲಿ, ಅಂದರೆ ಪ್ರೋಗ್ರಾಮಿನ ಮೆಮೊರಿಯಲ್ಲೇ, ಇಟ್ಟಿದ್ದೆ. ಒಂದೊಂದು ವರ್ಕರೂ ಬೇರೆ ಬೇರೆ ಪ್ರೋಸೆಸ್, ಅವುಗಳ ಮೆಮೊರಿಯೂ ಬೇರೆ. ನಾಲ್ವರೂ ತಂತಮ್ಮ ಲೆಕ್ಕವನ್ನೇ ಮುಂದುವರಿಸಿದ್ದರು.

ಸರಿ, ನಂಬ್ರವನ್ನು ಪೋಸ್ಟ್‌ಗ್ರೆಸ್ ಡೇಟಾಬೇಸಿನ ಒಂದು ಟೇಬಲ್‌ಗೆ ಹಾಕಿದೆ. ಓದು, ಒಂದು ಕೂಡಿಸು, ಬರೆ. ಎಲ್ಲವನ್ನೂ ಜಾಂಗೋದ ಅಟಾಮಿಕ್ ಬ್ಲಾಕಿನೊಳಗೆ ಇಟ್ಟೆ, ಅದರೊಳಗಿನದ್ದೆಲ್ಲ ಒಂದೇ ಟ್ರಾನ್ಸಾಕ್ಷನ್ ಆಗುತ್ತದೆ. ಟ್ರಾನ್ಸಾಕ್ಷನ್ ಇದೆ ಅಲ್ವಾ, ಇನ್ನು ಹೆದರಿಕೆ ಇಲ್ಲ ಅಂದುಕೊಂಡೆ. ಎರಡೇ ದಿನಕ್ಕೆ ಮತ್ತೆ ಅದೇ ಫೋನ್.

ಅವತ್ತು ರಾತ್ರಿ ಎರಡು ಟರ್ಮಿನಲ್ ಅಕ್ಕಪಕ್ಕ ತೆರೆದು ಕೂತೆ. ಎರಡರಲ್ಲೂ ಬಿಗಿನ್ ಕೊಟ್ಟು ಟ್ರಾನ್ಸಾಕ್ಷನ್ ಶುರು ಮಾಡಿ ನಂಬ್ರ ಓದಿದೆ. ಅಲ್ಲಿಯೂ 417, ಇಲ್ಲಿಯೂ 417. ಎರಡೂ ಕಡೆ 418 ಅಂತ ಬರೆಯುವುದು ಖಂಡಿತ. ಟ್ರಾನ್ಸಾಕ್ಷನ್ ಅಂದರೆ ಮಾಡಿದರೆ ಪೂರ್ತಿ ಮಾಡು, ಇಲ್ಲದಿದ್ದರೆ ಏನೂ ಮಾಡಬೇಡ ಅಂತ. ಪೋಸ್ಟ್‌ಗ್ರೆಸ್ ಸುಮ್ನೆ ಬಿಟ್ಟರೆ ರೀಡ್ ಕಮಿಟೆಡ್ ಎಂಬ ಕ್ರಮದಲ್ಲಿ ಓಡುತ್ತದೆ, ಅಂದರೆ ಬೇರೆಯವರು ಬರೆದು ಕಮಿಟ್ ಮಾಡಿದ್ದು (ಖಾಯಂ ಮಾಡಿದ್ದು) ಮಾತ್ರ ಕಾಣುತ್ತದೆ. ಅದರಲ್ಲಿ ಓದುವವರನ್ನು ಯಾರೂ ತಡೆಯುವುದಿಲ್ಲ.

ಆಮೇಲೆ ಓದುವ ಸಾಲಿನ ಕೊನೆಗೆ 'ಫಾರ್ ಅಪ್‌ಡೇಟ್' ಸೇರಿಸಿ ನೋಡಿದೆ. ಮೊದಲ ಕಿಟಕಿಯಲ್ಲಿ 417 ಬಂತು. ಎರಡನೆಯದರಲ್ಲಿ ಕರ್ಸರ್ ಮಿನುಗುತ್ತಾ ನಿಂತಿತು, ಉತ್ತರವೇ ಇಲ್ಲ. ಮೊದಲನೆಯದರಲ್ಲಿ 418 ಬರೆದು ಕಮಿಟ್ ಕೊಟ್ಟೆ. ತಕ್ಷಣ ಎರಡನೆಯದರಲ್ಲಿ 418 ಮೂಡಿತು. ಲಾಕ್ ಅಂದರೆ ಏನು ಅಂತ ನನಗೆ ಸರಿಯಾಗಿ ಗೊತ್ತಾದದ್ದು ಆಗಲೇ. ಜಾಂಗೋದಲ್ಲಿ ಇದು ಸೆಲೆಕ್ಟ್-ಫಾರ್-ಅಪ್‌ಡೇಟ್. ಅಟಾಮಿಕ್‌ನ ಹೊರಗೆ ಬಳಸಿದರೆ ಎರರ್ ಕೊಡುತ್ತದೆ, ಅದು ಒಳ್ಳೆಯದೇ. ಜೊತೆಗೆ ಚೀಟಿ ನಂಬ್ರಕ್ಕೆ ಯುನೀಕ್ ಕನ್‌ಸ್ಟ್ರೈಂಟನ್ನೂ, ಅಂದರೆ ಒಂದೇ ನಂಬ್ರ ಎರಡು ಸಲ ಬರಬಾರದು ಎಂಬ ನಿಯಮವನ್ನೂ, ಹಾಕಿದೆ. ನಾನು ಎಲ್ಲಾದರೂ ಲಾಕ್ ಮರೆತರೂ ಡೇಟಾಬೇಸ್ ಬಿಡಬಾರದು.

ತಾನೇ ಮುಂದಿನ ನಂಬ್ರ ಕೊಡುವ ಪೋಸ್ಟ್‌ಗ್ರೆಸ್‌ನ ಸೀಕ್ವೆನ್ಸ್ ಬಳಸಬಹುದಿತ್ತಲ್ಲ ಅಂತ ಕೇಳಬಹುದು. ಆದರೆ ರೋಲ್‌ಬ್ಯಾಕ್ ಆದರೆ (ಟ್ರಾನ್ಸಾಕ್ಷನ್ ರದ್ದಾದರೆ) ಅದು ಕೊಟ್ಟ ನಂಬ್ರ ವಾಪಸ್ ಬರುವುದಿಲ್ಲ, ನಡುವೆ ಖಾಲಿ ಉಳಿಯುತ್ತದೆ. ನಮ್ಮ ಲೆಕ್ಕದ ಅಣ್ಣನಿಗೆ ಒಂದು ಚೀಟಿಯೂ ತಪ್ಪಿರಬಾರದು. ಅವರು ಕೇಳಿದ್ದು ನ್ಯಾಯವೇ.

ಇನ್ನೊಂದು ತಪ್ಪು ಉಳಿದಿತ್ತು. ಕೃಷಿಕರಿಗೆ ಹೋಗುವ ಎಸ್ಸೆಮ್ಮೆಸ್ಸನ್ನೂ ಅದೇ ಬ್ಲಾಕಿನೊಳಗಿಂದ ಕಳಿಸುತ್ತಿದ್ದೆ. ಎಸ್ಸೆಮ್ಮೆಸ್ ಸರ್ವರ್ ನಿಧಾನವಾದರೆ ಅಷ್ಟು ಹೊತ್ತೂ ಲಾಕ್ ಬಿಡುತ್ತಿರಲಿಲ್ಲ, ಮೂರು ಮೆಷಿನಿನ ಮುಂದೆಯೂ ಜನ ಕಾಯಬೇಕು. ಆಮೇಲೆ ರೋಲ್‌ಬ್ಯಾಕ್ ಆದರೆ ಇಲ್ಲದ ಚೀಟಿಯ ಮೆಸೇಜ್ ಮೊಬೈಲಿಗೆ ಹೋಗಿರುತ್ತದೆ. ಅದನ್ನು ಆನ್-ಕಮಿಟ್‌ಗೆ ಹಾಕಿದೆ. ಈಗ ಚೀಟಿ ಡೇಟಾಬೇಸಿನಲ್ಲಿ ಕೂತ ಮೇಲೆಯೇ ಮೆಸೇಜ್ ಹೊರಡುತ್ತದೆ. ನಂಬ್ರ ತೆಗೆಯುವ ಸಾಲನ್ನೂ ಬ್ಲಾಕಿನ ಕೊನೆಗೆ ಸರಿಸಿದೆ. ರೇಟು, ತೂಕ ಎಲ್ಲ ಲೆಕ್ಕ ಆದ ಮೇಲೆ ಲಾಕ್ ಹಿಡಿದು, ನಂಬ್ರ ತೆಗೆದು, ಚೀಟಿ ಬರೆದು ಬಿಡುವುದು ಅಷ್ಟೆ.

ಮುಂದಿನ ಸೋಮವಾರ ನಾನೇ ಅಂಗಡಿಗೆ ಹೋದೆ. ಸಂಜೆ ಬಾಗಿಲು ಹಾಕಿದ ಮೇಲೆ ಅಣ್ಣನೂ ನಾನೂ ಇಡೀ ದಿನದ ಚೀಟಿಗಳನ್ನು ಒಂದೊಂದಾಗಿ ತಿರುವಿ ಹಾಕಿದೆವು.